ಡಾಲರೈಟ್: ಹೆಸರಿನಲ್ಲಿಯೇ ಎಚ್ಚರಿಕೆಯುಳ್ಳ ಶಿಲೆ

ಬಳ್ಳಾರಿಯಿಂದ ಕುರುಗೋಡಿಗೆ ಹೊರಟವರಿಗೆ ಗುಂಡುಗಳನ್ನು ಪೇರಿಸಿಟ್ಟಂತಹ ಗ್ರಾನೈಟ್ ಬೆಟ್ಟಗಳು ಕಾಣುತ್ತವೆ. ಸಿರುಗುಪ್ಪದತ್ತ ಹೋದರೆ ಎರೆಮಣ್ಣಿನ ಬಯಲು ಶಿಲೆಯನ್ನು ಮುಚ್ಚಿಬಿಡುತ್ತದೆ. ಬಳ್ಳಾರಿಗೆ ಸಮೀಪದ ಸಂಗನಕಲ್ಲು–ಕುಪ್ಪಗಲ್ಲು ಗುಡ್ಡದಲ್ಲಿ ಗ್ರಾನೈಟನ್ನು ಸೀಳಿಕೊಂಡು ಕಪ್ಪು ಕಲ್ಲಿನ ಪಟ್ಟೆಯೊಂದು ಹಾದುಹೋಗಿದೆ. ಬಿರುಕಿನೊಳಗೆ ನುಗ್ಗಿದ ಶಿಲಾರಸವು ಆರಿ ಗಟ್ಟಿಯಾದುದೇ ಈ ಕಲ್ಲು. ಇದರ ಹೆಸರು ಡಾಲರೈಟ್.

ಹೆಸರು ಕೇಳಿದೊಡನೆ ವಿದ್ಯಾರ್ಥಿಗಳಿಗೆ ಅಮೆರಿಕದ ನಾಣ್ಯ ನೆನಪಾಗುವುದು ಸಹಜ. ಆದರೆ ಎರಡಕ್ಕೂ ನಂಟಿಲ್ಲ. ‘ಡಾಲರ್’ ಎಂಬುದು ಬೊಹೀಮಿಯದ ಬೆಳ್ಳಿಗಣಿಯ ಊರೊಂದರ ಹೆಸರಿನಿಂದ ಬಂದ ‘ಟಾಲರ್’ ನಾಣ್ಯದ ರೂಪಾಂತರ. ಶಿಲೆಯ ಹೆಸರಿಗೆ ಮೂಲವಾದರೋ ಗ್ರೀಕಿನ ‘ಡೊಲೆರೋಸ್’, ಅರ್ಥ, ವಂಚಕ.

ಉಚ್ಚಾರದಲ್ಲಿ ಮೂರು ಭಾಗಗಳು: ಡಾ–ಲ–ರೈಟ್. ಒತ್ತು ಮೊದಲನೆಯದರ ಮೇಲೆ. ಅಲ್ಲಿಯ ಇಂಗ್ಲಿಷ್ ಸ್ವರವು ಕನ್ನಡದ ‘ಆ’ ಅಲ್ಲ, ‘ಒ’ ಕೂಡ ಅಲ್ಲ. ಆದುದರಿಂದಲೇ ನಮ್ಮ ಪುಸ್ತಕಗಳಲ್ಲಿ ‘ಡಾಲರೈಟ್’, ‘ಡೊಲೆರೈಟ್’ ಎಂಬ ಎರಡು ಬರಹಗಳೂ ಉಂಟು.

ಕಲ್ಲು ಯಾರನ್ನು ವಂಚಿಸಿತು? ಇದನ್ನು ಹೋಲುವ ‘ಡಯೊರೈಟ್’ ಎಂಬ ಇನ್ನೊಂದು ಶಿಲೆಯಿದೆ. ಅದರ ಹೆಸರಿನ ಗ್ರೀಕ್ ಮೂಲಕ್ಕೆ ‘ಬೇರ್ಪಡಿಸಿ ಗುರುತಿಸು’ ಎಂದರ್ಥ; ಅದರ ಬಿಳಿಯ ಮತ್ತು ಕಪ್ಪು ಹರಳುಗಳು ಬರಿಗಣ್ಣಿಗೇ ಬೇರೆಬೇರೆಯಾಗಿ ತೋರುತ್ತವೆ. ಡಾಲರೈಟಿನ ಹರಳುಗಳು ಸಣ್ಣವು. ನೋಟಕ್ಕೆ ಸುಲಭವಾಗಿ ಸಿಕ್ಕವು. ಶಿಲೆಯನ್ನು 0.03 ಮಿಲಿಮೀಟರ್ ದಪ್ಪಕ್ಕೆ ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗಲೇ ಅದರ ಫೆಲ್ಡ್‌ಸ್ಪಾರ್, ಪೈರಾಕ್ಸೀನ್ ಹರಳುಗಳು ಸ್ಪಷ್ಟವಾಗುವುವು.

ಹೆಸರಿನ ಬಾಲವೂ ಮೋಸಗೊಳಿಸಬಲ್ಲದು. ಸಂಡೂರಿನ ಅದಿರಾದ ಹೆಮಟೈಟಿನಲ್ಲಿ ‘ಹೈಮ’ ಎಂದರೆ ರಕ್ತ. ಕೊನೆಯ ‘ಐಟ್’ ಗ್ರೀಕ್ ಪ್ರತ್ಯಯ. ಗ್ರಾನೈಟಿನ ‘ಐಟ್’ ಹಾಗಲ್ಲ. ಅದು ಇಟಾಲಿಯನ್ನಿನ ‘ಗ್ರಾನೀತೊ’, ಎಂದರೆ ಕಾಳುಕಾಳಾದುದು, ಎಂಬ ಪದದ ತುದಿ. ಒಂದೇ ಬಗೆಯ ಉಡುಪು, ಬೇರೆ ಬೇರೆ ಕುಲ!

ಗ್ರೀಕ್ ಹೆಸರು ಹುಟ್ಟುವ ಎಷ್ಟೋ ಮೊದಲೇ, ಸುಮಾರು 3,500 ವರ್ಷಗಳ ಹಿಂದೆ, ಸಂಗನಕಲ್ಲಿನ ನವಶಿಲಾಯುಗದ ಜನ ಈ ಕಲ್ಲನ್ನು ಸರಿಯಾಗಿ ಗುರುತಿಸಿ ಕೊಡಲಿಗಳನ್ನು ಮಾಡಿದರು. ಕುಪ್ಪಗಲ್ಲಿನ ಕೆಲವು ಡಾಲರೈಟ್ ಗುಂಡುಗಳನ್ನು ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಹೊಮ್ಮುತ್ತದೆ. ಒತ್ತಾಗಿ ಹೆಣೆದುಕೊಂಡ ಹರಳುಗಳು ಕಂಪನವನ್ನು ಬೇಗನೆ ನುಂಗಿಬಿಡುವುದಿಲ್ಲ. ಬಂಡೆಯು ಕೆಲವೇ ಬಿಂದುಗಳ ಮೇಲೆ ನಿಂತಿದ್ದರೆ ನಾದ ಇನ್ನೂ ನಿಚ್ಚಳ. ಅವುಗಳಲ್ಲಿನ ತಟ್ಟಿದ ಕುಳಿಗಳು ಹಿಂದಿನವರೂ ಆ ನಾದವನ್ನು ಕೇಳಿದ್ದರೆಂಬುದಕ್ಕೆ ಗುರುತು.

ಕಲ್ಲುಗಣಿಗಾರಿಕೆಯಿಂದ ಈ ನೆಲೆಗೆ ಈಗಾಗಲೇ ಹಾನಿಯಾಗಿದೆ. ಜಲ್ಲಿಯಾದ ಬಂಡೆಗೆ ನಾದವಿಲ್ಲ. ಕಪ್ಪು ಕಲ್ಲೆಲ್ಲ ಒಂದೇ ಎಂದು ತಿಳಿಯುವವನು ವಂಚಿತನಾಗುತ್ತಾನೆಂದು ಹೆಸರೇ ಸಾರುತ್ತಿರುವಾಗ, ನಾವು ಎಚ್ಚರ ತಪ್ಪಬಾರದು.