ಅಂತರ್ಜಾಲದ ಆಕರಗಳೂ ಆಪ್ತವಾಕ್ಯವಿಚಾರವೂ

ಹಲ್ಮಿಡಿಯ ಶಾಸನವನ್ನು ಕುರಿತು ಪ್ರಬಂಧವೊಂದನ್ನು ಬರೆದ ವಿದ್ಯಾರ್ಥಿಯು ಅದನ್ನು ಪರಿಶೀಲನಕ್ಕಾಗಿ ನನಗೆ ಒಪ್ಪಿಸಿದನು. ‘ಈ ಶಾಸನದಲ್ಲಿ ಕ್ರಿ.ಶ. 450 ಎಂದು ಕಾಲವು ಉಕ್ತವಾಗಿದೆ’ ಎಂಬ ವಾಕ್ಯವು ಅದರಲ್ಲಿದ್ದಿತು. ಆಧಾರವೇನೆಂದು ಕೇಳಲಾಗಿ ಅಂತರ್ಜಾಲದ ಏಳು ಪುಟಗಳನ್ನು ತೋರಿಸಿದನು. ಏಳು ಸಾಕ್ಷಿಗಳು ಒಂದೇ ಮಾತನ್ನು ಹೇಳುತ್ತಿರಲು ಸಂಶಯಕ್ಕೆ ಎಡೆಯೆಲ್ಲಿ ಎಂಬುದು ಅವನ ಭಾವ.

ಶಾಸನದಲ್ಲಾದರೋ ಕಾಲನಿರ್ದೇಶವೇ ಇಲ್ಲ. 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಈ 16 ಪಂಕ್ತಿಗಳ ಬರಹದಲ್ಲಿ ಶಕವರ್ಷವು ಕಾಣದು. ‘ಸುಮಾರು 450’ ಎಂಬುದು ಲಿಪಿಯ ರೂಪ, ಭಾಷೆಯ ಸ್ವರೂಪ, ಕದಂಬ ಕಾಕುಸ್ಥನ ಉಲ್ಲೇಖ ಇವುಗಳನ್ನು ಹಿಡಿದು ಮಾಡಿದ ಅನುಮಾನ. ಇದಕ್ಕಿಂತ ಈಚಿನ ಕಾಲವನ್ನು ಹೇಳುವ ವಿದ್ವಾಂಸರೂ ಉಂಟು. ‘ಸುಮಾರು’ ಎಂಬ ಒಂದು ಪದವು ಲುಪ್ತವಾದುದರಿಂದ ಅನುಮಾನವು ಪ್ರತ್ಯಕ್ಷವೇ ಆಗಿಬಿಟ್ಟಿತು!

ಆ ಏಳು ಪುಟಗಳನ್ನು ಒಟ್ಟಿಗೆ ಇಟ್ಟು ಓದಿದೆವು. ಐದರಲ್ಲಿ ಒಂದೇ ವಾಕ್ಯರಚನೆ. ಒಂದೇ ಸ್ಥಳದಲ್ಲಿ ಒಂದೇ ಅಕ್ಷರಸ್ಖಾಲಿತ್ಯ. ಗ್ರಂಥಸಂಪಾದನೆಯಲ್ಲಿ ಪರಿಶ್ರಮವುಳ್ಳವರಿಗೆ ಇದರ ಅರ್ಥವನ್ನು ವಿವರಿಸಬೇಕಾದುದಿಲ್ಲ. ಒಂದೇ ಮಾತೃಕೆಯಿಂದ ಇಳಿದ ಹತ್ತು ಓಲೆಯ ಪ್ರತಿಗಳು ಪಾಠನಿರ್ಣಯದಲ್ಲಿ ಒಂದು ಪ್ರತಿಗಿಂತ ಹೆಚ್ಚಿನ ಬಲವನ್ನು ಪಡೆಯವು. ಸರಿಯಾದ ಪಾಠವು ಇಬ್ಬರು ಲಿಪಿಕಾರರಲ್ಲಿ ಸ್ವತಂತ್ರವಾಗಿಯೇ ಇರಬಹುದು. ಒಂದೇ ವಿಲಕ್ಷಣವಾದ ತಪ್ಪು ಹಾಗಿರುವುದು ವಿರಳ. ಉಳಿದೆರಡು ಪುಟಗಳಲ್ಲಿ ಒಂದು ಆಕರವನ್ನೇ ಹೇಳದು. ಇನ್ನೊಂದಕ್ಕೆ ಆ ಐದರಲ್ಲಿ ಒಂದೇ ಆಕರ. ನಮ್ಮ ಶಾಸ್ತ್ರಕಾರರು ಅಂಧಪರಂಪರಾನ್ಯಾಯವೆಂದು ಕರೆದುದು ಇದನ್ನೇ. ಏಳು ಸಾಕ್ಷಿಗಳೆಂದು ಎಣಿಸಿದುದು ಕಡೆಗೆ ಒಂದಾಗಿ, ಅದೂ ಹೆಸರಿಲ್ಲದ ಸಾಕ್ಷಿಯಾಯಿತು.

ಹಾಗಾದರೆ ಅಂತರ್ಜಾಲವು ಸರ್ವಥಾ ತ್ಯಾಜ್ಯವೆ? ಹಾಗೆನ್ನುವ ಅಧ್ಯಾಪಕಮಿತ್ರರುಂಟು; ನಾನು ಒಪ್ಪಲಾರೆ. ವಾತ್ಸ್ಯಾಯನನು ನ್ಯಾಯಭಾಷ್ಯದಲ್ಲಿ ಆಪ್ತನೆಂದರೆ ವಿಷಯವನ್ನು ತಾನೇ ಸಾಕ್ಷಾತ್ತಾಗಿ ಕಂಡವನು, ಕಂಡಂತೆ ತಿಳಿಸಬೇಕೆಂಬ ಇಚ್ಛೆಯುಳ್ಳವನು ಎಂದು ನಿರೂಪಿಸಿ, ಈ ಲಕ್ಷಣವು ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದನು. ಮಾತು ಯಾರ ಮುಖದಿಂದ ಬಂದಿತೆಂಬುದಕ್ಕಿಂತ, ಆಡಿದವನು ಕಂಡು ಆಡಿದನೋ ಎಂಬುದೇ ಪ್ರಶ್ನೆ. ಮೈಸೂರು ಪುರಾತತ್ತ್ವ ಇಲಾಖೆಯ ಹಳೆಯ ವಾರ್ಷಿಕ ವರದಿಗಳ ಛಾಯಾಪ್ರತಿಗಳೂ ಇದೇ ಜಾಲದಲ್ಲಿವೆ. ಅವುಗಳ ಮುಂದೆ ಅಂಗಡಿಯಲ್ಲಿ ಕೊಂಡ ಪರೀಕ್ಷಾ ಕೈಪಿಡಿಯು, ಕಾಗದದ ಮೇಲೆ ಅಚ್ಚಾದ ಮಾತ್ರಕ್ಕೆ, ಪ್ರಮಾಣವಾಗಲಾರದು.

ಛಾಯಾಪ್ರತಿಯಲ್ಲಿಯೂ ಒಂದು ಎಚ್ಚರಿಕೆ ಬೇಕು. ಪುಟದ ಚಿತ್ರದಿಂದ ಯಂತ್ರವು ತೆಗೆದುಕೊಡುವ ಅಕ್ಷರಪಾಠದಲ್ಲಿ ಒತ್ತಕ್ಷರಗಳು ಪದೇಪದೇ ಕೆಡುತ್ತವೆ. ಉದ್ಧರಿಸುವವನು ಚಿತ್ರವನ್ನೇ ಕಣ್ಣಾರೆ ನೋಡತಕ್ಕದ್ದು. ವಿಕಿಪೀಡಿಯದಲ್ಲಿ ಪ್ರತಿಯೊಂದು ಲೇಖನದ ತಿದ್ದುಪಡಿಗಳ ಚರಿತ್ರೆಯೂ ದೊರೆಯುವುದು. ಲಿಪಿಕಾರನ ಒಂದೊಂದು ಕೈತಿದ್ದನ್ನೂ ದಿನಾಂಕಸಮೇತ ತೋರಿಸುವ ಓಲೆಯ ಪ್ರತಿಯು ನಮ್ಮಲ್ಲಿ ಯಾರಿಗೆ ದೊರೆತಿದೆ? ಆದರೂ ಆ ಲೇಖನವನ್ನಲ್ಲ, ಅದರ ಅಡಿಟಿಪ್ಪಣಿಯು ಸೂಚಿಸುವ ಗ್ರಂಥವನ್ನು ಓದಿ ಉದಾಹರಿಸಬೇಕು.

ಆ ವಿದ್ಯಾರ್ಥಿಯು ತನ್ನ ವಾಕ್ಯವನ್ನು ತಾನೇ ತಿದ್ದಿದನು. ಅಷ್ಟರಲ್ಲಿ ನಿಲ್ಲದೆ, ಶಾಸನದ ಕಾಕುಸ್ಥನು ಕದಂಬರಾಜನೇ ಎಂಬುದಕ್ಕೆ ಆಧಾರವೇನೆಂದು ನನ್ನನ್ನೇ ಕೇಳಿದ್ದಾನೆ. ಪಾಠವನ್ನು ಇಬ್ಬರೂ ಮತ್ತೊಮ್ಮೆ ಮೊದಲಿನಿಂದ ಓದುತ್ತಿದ್ದೇವೆ.