ಬಯಲು ಮೇಳಗಳಲ್ಲಿ ಪ್ರದರ್ಶನ ಮತ್ತು ಮಾರಾಟ: ಕುಶಲಕರ್ಮಿಗಳಿಗೆ ಮಾಹಿತಿ

ಹಾಲೆ ಮರವನ್ನು ಕಡೆದು, ಬಣ್ಣದ ಅರಗು ಲೇಪಿಸಿ ತಯಾರಿಸುವ ಚನ್ನಪಟ್ಟಣದ ಆಟಿಕೆಗಳು ಪ್ರಸಿದ್ಧವಾಗಿವೆ. ಇವುಗಳನ್ನು ಮೇಳಗಳಲ್ಲಿ ಗ್ರಾಹಕರಿಗೆ ನೇರವಾಗಿ ಮಾರಿದಲ್ಲಿ ಮಧ್ಯವರ್ತಿಯ ಪಾಲು ಉಳಿದು, ತಯಾರಕರಿಗೆ ಹೆಚ್ಚಿನ ಬೆಲೆ ದೊರೆಯುತ್ತದೆ. ಇದಕ್ಕಾಗಿ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಗುರುತಿನ ಚೀಟಿ: ಕೇಂದ್ರ ಜವಳಿ ಮಂತ್ರಾಲಯದ ಅಭಿವೃದ್ಧಿ ಆಯುಕ್ತರು (ಕರಕುಶಲ) ನೀಡುವ 'ಪೆಹಚಾನ್' ಚೀಟಿಯನ್ನು ಪಡೆದಿರಬೇಕು. ಗಾಂಧಿ ಶಿಲ್ಪ ಬಜಾರ್‌ನಂತಹ ಮೇಳಗಳಲ್ಲಿ ಮಳಿಗೆ ಕೋರಲು ಇದು ಅಗತ್ಯ.

2. ಭೌಗೋಳಿಕ ಸೂಚಕ: ಚನ್ನಪಟ್ಟಣದ ಆಟಿಕೆಗಳು 1999ರ ಭೌಗೋಳಿಕ ಸೂಚಕ ಕಾಯ್ದೆಯಡಿ ನೋಂದಣಿಯಾಗಿವೆ. ಆದರೆ ಈ ನೋಂದಣಿಯಿಂದಲೇ ಪ್ರತಿಯೊಬ್ಬ ತಯಾರಕರಿಗೂ ಹಕ್ಕು ಲಭಿಸುವುದಿಲ್ಲ. ನಕಲಿ ಆಟಿಕೆಗಳು ಇದೇ ಹೆಸರಿನಲ್ಲಿ ಮಾರಾಟವಾದಾಗ ಕಾನೂನು ಕ್ರಮ ಜರುಗಿಸಲು 'ಅಧಿಕೃತ ಬಳಕೆದಾರ'ರಾಗಿ ಚೆನ್ನೈನ ನೋಂದಣಿ ಕಚೇರಿಯಲ್ಲಿ ಪ್ರತ್ಯೇಕವಾಗಿ ಹೆಸರು ನೋಂದಾಯಿಸಿರಬೇಕು.

3. ತೆರಿಗೆ: ಯಂತ್ರದ ನೆರವು ಪಡೆದರೂ ಪ್ರಧಾನವಾಗಿ ಕೈಯಿಂದ ತಯಾರಾದ, ಅಧಿಸೂಚಿತ ಕರಕುಶಲ ವಸ್ತುಗಳನ್ನು ಹೊರರಾಜ್ಯಕ್ಕೆ ಪೂರೈಸುವವರ ವಾರ್ಷಿಕ ವಹಿವಾಟು ರೂ. 20 ಲಕ್ಷ ಮೀರದಿದ್ದಲ್ಲಿ ಜಿ.ಎಸ್.ಟಿ. ನೋಂದಣಿಯಿಂದ ವಿನಾಯಿತಿ ಇದೆ. ಆದಾಗ್ಯೂ ಪ್ಯಾನ್ ಕಡ್ಡಾಯ. ಸರಕಿನ ಮೌಲ್ಯ ಎಷ್ಟೇ ಅಲ್ಪವಾಗಿದ್ದರೂ ಇ-ವೇ ಬಿಲ್ ಇರಬೇಕು. ಇಲ್ಲವಾದಲ್ಲಿ ಸರಕನ್ನು ಮಾರ್ಗಮಧ್ಯೆ ತಡೆಹಿಡಿಯಬಹುದು.

4. ಚಿತ್ರಕಲಾವಿದರಿಗೆ: ರಾಮನಗರ, ಕನಕಪುರ ಹಾಗೂ ಮಾಗಡಿಯ ಚಿತ್ರಕಲಾವಿದರು ಬೆಂಗಳೂರಿನ ಕುಮಾರಕೃಪಾ ರಸ್ತೆಯಲ್ಲಿ ನಡೆಯುವ ಚಿತ್ರಸಂತೆಗೆ ಕರ್ನಾಟಕ ಚಿತ್ರಕಲಾ ಪರಿಷತ್ತಿಗೆ ಅರ್ಜಿ ಸಲ್ಲಿಸಬಹುದು.

ಮೇಳದ ದಿನಾಂಕ ಸಮೀಪಿಸುವವರೆಗೆ ಕಾಯದೆ, ದಾಖಲೆಗಳನ್ನು ಮುಂಚಿತವಾಗಿ ಸಿದ್ಧಪಡಿಸಿಕೊಳ್ಳುವುದು ಸೂಕ್ತ. ಹೆಚ್ಚಿನ ಮಾಹಿತಿಗಾಗಿ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.