ವಿಪಿಎನ್ ಕನೆಕ್ಟ್ ಆಗಿದೆ, ಫೈಲ್ ಏಕೆ ತೆರೆಯುತ್ತಿಲ್ಲ?

ಪ್ರಶ್ನೆ: ಬೆಳಗಾವಿಯ ಮನೆಯ ಫೈಬರ್‌ನಲ್ಲಿ ಆಫೀಸಿನ ವಿಪಿಎನ್ ಚೆನ್ನಾಗಿ ನಡೆಯುತ್ತದೆ. ಖಾನಾಪುರಕ್ಕೆ ಬಂದು ಮೊಬೈಲ್ ಹಾಟ್‌ಸ್ಪಾಟ್ ಹಾಕಿದರೆ ‘ಕನೆಕ್ಟೆಡ್’ ಅನ್ನುತ್ತದೆ, ಫೈಲ್ ತೆರೆಯುವುದಿಲ್ಲ. ಯೂಟ್ಯೂಬ್ ಮಾತ್ರ ಓಡುತ್ತದೆ. ಏಕೆ ಹೀಗೆ?
— ಓದುಗರು, ಖಾನಾಪುರ

ಉತ್ತರ: ಖಾನಾಪುರ ಸಹ್ಯಾದ್ರಿಯ ಸೆರಗಿನ ಊರು, ಮಳೆಗಾಲದಲ್ಲಿ ಸಿಗ್ನಲ್ ಮೇಲೆ ಅನುಮಾನ ಬರುವುದು ಸಹಜ. ಆದರೆ ಯೂಟ್ಯೂಬ್ ಓಡುತ್ತಿದೆ ಎಂದಿರಲ್ಲ, ಸುಳಿವು ಅಲ್ಲೇ ಇದೆ: ಸಿಗ್ನಲ್ ಸಾಕಷ್ಟಿದೆ, ತೊಂದರೆ ವಿಪಿಎನ್ ದಾರಿಯಲ್ಲಿದೆ. ನನ್ನ ಅನುಮಾನ ಪ್ಯಾಕೆಟ್‌ಗಳ ಗಾತ್ರದ ಮೇಲೆ.

ಇಂಟರ್ನೆಟ್‌ನಲ್ಲಿ ಮಾಹಿತಿ ಸಾಮಾನ್ಯವಾಗಿ 1500 ಬೈಟ್ ಮೀರದ ಪ್ಯಾಕೆಟ್‌ಗಳಾಗಿ ಸಾಗುತ್ತದೆ. ವಿಪಿಎನ್ ಪ್ರತಿಯೊಂದನ್ನೂ ಗೂಢಲಿಪಿಗೆ ತಿರುಗಿಸಿ, ಲಕೋಟೆಯನ್ನು ಇನ್ನೊಂದು ಲಕೋಟೆಯೊಳಗೆ ಹಾಕಿದಂತೆ ಹೊಸ ವಿಳಾಸ ಸೇರಿಸುತ್ತದೆ. ಗಾತ್ರ ಹಿಗ್ಗುತ್ತದೆ. ಮೊಬೈಲ್ ಜಾಲಗಳಲ್ಲಿ ಮಿತಿ ಎಷ್ಟೋ ಸಲ 1500ಕ್ಕಿಂತ ಕಡಿಮೆ. ಲಾಗಿನ್‌ನ ಪುಟ್ಟ ಪ್ಯಾಕೆಟ್‌ಗಳು ದಾಟುತ್ತವೆ, ಫೈಲ್‌ನ ದೊಡ್ಡವು ದಾರಿಯಲ್ಲೇ ಕಳೆದುಹೋಗುತ್ತವೆ.

ವಿಪಿಎನ್ ಆಫ್ ಮಾಡಿ, ಪ್ಯಾಕೆಟ್ ಒಡೆಯಬಾರದು ಎಂಬ ಸೂಚನೆಯೊಂದಿಗೆ 1472 ಬೈಟ್‌ನ ಪಿಂಗ್ (ಪರೀಕ್ಷಾ ಪ್ಯಾಕೆಟ್) ಕಳಿಸಿ. ಹೋಗದಿದ್ದರೆ ಹೋಗುವವರೆಗೂ ಇಳಿಸುತ್ತ ಬನ್ನಿ. ಹೋದ ಅಂಕಿಗೆ ಹೆಡರ್‌ನ 28 ಬೈಟ್ ಕೂಡಿಸಿದರೆ ನಿಮ್ಮ ಜಾಲದ ಮಿತಿ ಸಿಗುತ್ತದೆ. ವಿಪಿಎನ್‌ನ ಎಂಟಿಯು, ಅಂದರೆ ಪ್ಯಾಕೆಟ್‌ನ ಗರಿಷ್ಠ ಗಾತ್ರ, ಅದಕ್ಕಿಂತ ಸಾಕಷ್ಟು ಕೆಳಗಿರಬೇಕು. 1300 ಒಳ್ಳೆಯ ಆರಂಭ.

ಇನ್ನೆರಡು ಸಾಧ್ಯತೆಗಳಿವೆ. ಸರ್ವರ್‌ನ ಹೆಸರಿನ ಬದಲು ಐಪಿ ಸಂಖ್ಯೆ ಕೊಟ್ಟಾಗ ಫೈಲ್ ತೆರೆದರೆ ದೋಷ ಹೆಸರನ್ನು ಐಪಿ ಸಂಖ್ಯೆಗೆ ತಿರುಗಿಸುವ ಡಿಎನ್‌ಎಸ್‌ನದು. ಹಾಟ್‌ಸ್ಪಾಟ್ ಕೊಡುವ ಐಪಿ ಸಂಖ್ಯೆಗಳ ಸಾಲು ಆಫೀಸಿನದರ ಜೊತೆ ಡಿಕ್ಕಿಯಾದರೂ ಹೀಗೇ ಆಗುತ್ತದೆ.

ಆಫೀಸಿನ ಲ್ಯಾಪ್‌ಟಾಪ್ ಆಗಿದ್ದರೆ ಸೆಟ್ಟಿಂಗ್ ನೀವೇ ಬದಲಿಸಬೇಡಿ. ಪಿಂಗ್‌ನ ಅಂಕಿಯನ್ನು ಐಟಿ ವಿಭಾಗಕ್ಕೆ ಬರೆದು ಕಳಿಸಿ, ಅವರ ಅರ್ಧ ಕೆಲಸ ಕಡಿಮೆಯಾಗುತ್ತದೆ.